ಎಚ್ಚರಗೇಡಿತನವೂ ಹಿಂಸೆಯೇ?

2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನ ಕಟ್ಟಡವೊಂದರ ಕೆಳಭಾಗದಲ್ಲಿದ್ದ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಗೆ ಬೆಂಕಿ ಬಿತ್ತು. ದಟ್ಟ ಹೊಗೆ ಮೆಟ್ಟಿಲ ದಾರಿ ಹಿಡಿದು ಮೇಲಿನ ಹೋಟೆಲಿಗೆ ನುಗ್ಗಿತು. ಎಂಟು ಮಂದಿ ಸತ್ತರು. ಇಂಥ ಸಾವುಗಳನ್ನು ಯಾರೂ ಬಯಸಿರುವುದಿಲ್ಲ. ಹಾಗೆಂದು ಅವನ್ನು ಬರೀ ಅವಘಡ ಎಂದು ಕೈಬಿಡಬಹುದೇ?

ಜೈನ ದಾರ್ಶನಿಕರು ಈ ಪ್ರಶ್ನೆಯನ್ನು ಶತಮಾನಗಳ ಹಿಂದೆಯೇ ಎದುರಿಸಿದ್ದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಯ ಜೊತೆಗೇ ಪ್ರಮಾದವನ್ನೂ, ಅಂದರೆ ಎಚ್ಚರಗೇಡಿತನವನ್ನೂ ಸೇರಿಸುತ್ತದೆ. ಕುಂದಕುಂದಾಚಾರ್ಯರ ಪ್ರವಚನಸಾರವಂತೂ ದೋಷವನ್ನು ಫಲದಿಂದ ಅಳೆಯುವುದೇ ಇಲ್ಲ. ನಡೆದವನಲ್ಲಿ ಎಚ್ಚರ ಇತ್ತೇ ಎಂದು ಕೇಳುತ್ತದೆ.

ಲೋಕದ ಲೆಕ್ಕ ಬೇರೆ. ಉಬ್ಬಿದ ಬ್ಯಾಟರಿಯನ್ನು ಇಬ್ಬರು ರಾತ್ರಿಯಿಡೀ ಬಾಗಿಲ ಬಳಿ ಚಾರ್ಜ್‌ಗೆ ಹಾಕುತ್ತಾರೆ ಎನ್ನೋಣ. ಒಬ್ಬನ ಮನೆ ಸುಡುತ್ತದೆ, ಇನ್ನೊಬ್ಬ ಬೆಳಿಗ್ಗೆ ಗಾಡಿ ಹತ್ತಿ ಕೆಲಸಕ್ಕೆ ಹೋಗುತ್ತಾನೆ. ನಾವು ಬೈಯುವುದು ಮೊದಲನೆಯವನನ್ನು ಮಾತ್ರ. ಅದೃಷ್ಟಕ್ಕೆ ನೀತಿಯಲ್ಲಿ ಇಷ್ಟೊಂದು ಪಾಲಿರಬೇಕೇ ಎಂದು ತತ್ತ್ವಜ್ಞಾನಿಗಳಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ 1976ರಲ್ಲಿ ಚರ್ಚೆ ಎತ್ತಿದ್ದರು.

ಲಿಥಿಯಂ ಬ್ಯಾಟರಿಯ ಒಳಗುಟ್ಟು ಜೈನರ ಉತ್ತರವನ್ನೇ ಬೆಂಬಲಿಸುತ್ತದೆ. ಸ್ಕೂಟರುಗಳಲ್ಲಿ ಬಳಕೆಯಾಗುವ ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಸೆಲ್‌ನ ಚಾರ್ಜಿಂಗ್ ಮಿತಿ ಸಾಮಾನ್ಯವಾಗಿ 4.2 ವೋಲ್ಟ್. ಹೊಂದದ ಚಾರ್ಜರ್ ಅದನ್ನು ದಾಟಿಸಿದರೆ, ಇಲ್ಲವೇ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಿದರೆ, ಋಣಧ್ರುವದ ಮೇಲೆ ಲಿಥಿಯಂ ಲೋಹ ಕಟ್ಟಿಕೊಳ್ಳುತ್ತದೆ. ಹೊರಗೆ ಏನೂ ಕಾಣದು. ಒಂದು ದಿನ ಒಳಗೇ ಶಾರ್ಟ್ ಆಗಿ ಸೆಲ್ ಕಾಯುತ್ತದೆ. ಧ್ರುವಗಳ ನಡುವಿನ ಪಾಲಿಎಥಿಲೀನ್ ಪದರ ಸುಮಾರು 130 ಡಿಗ್ರಿಗೆ ಕರಗುತ್ತದೆ. ಶಾಖವೇ ಶಾಖವನ್ನು ಹುಟ್ಟಿಸುತ್ತ ಪಕ್ಕದ ಸೆಲ್‌ಗಳಿಗೂ ಹಬ್ಬುತ್ತದೆ. ಹಾಗಾಗಿ "ಇಷ್ಟು ದಿನ ಏನೂ ಆಗಿಲ್ಲವಲ್ಲ" ಎಂಬ ಸಮಾಧಾನಕ್ಕೆ ಬೆಲೆಯಿಲ್ಲ.

ಯಾವ ವಸ್ತುವನ್ನೇ ಎತ್ತುವಾಗ, ಇಡುವಾಗ ನೋಡಿ ಮಾಡಬೇಕೆಂಬ ನಿಯಮ ಜೈನ ಮುನಿಗಳಿಗಿದೆ. ಆದಾನ-ನಿಕ್ಷೇಪಣ ಸಮಿತಿ ಎಂದು ಅದರ ಹೆಸರು. ಗೃಹಸ್ಥರೂ ಅದನ್ನು ಬ್ಯಾಟರಿಯ ವಿಷಯದಲ್ಲಿ ಪಾಲಿಸಬಹುದು. ಪ್ಯಾಕ್‌ಗೆಂದೇ ಕೊಟ್ಟ ಚಾರ್ಜರನ್ನೇ ಬಳಸಬೇಕು. ಬಿಸಿಲಲ್ಲಿ ಓಡಿಬಂದ ಗಾಡಿ ತಣಿಯುವವರೆಗೆ ಕಾಯಬೇಕು. ಉಬ್ಬಿದ್ದನ್ನು, ಬಿದ್ದು ಪೆಟ್ಟಾದದ್ದನ್ನು, ನೀರು ಹೊಕ್ಕಿದ್ದನ್ನು ಮತ್ತೆ ಚಾರ್ಜ್ ಮಾಡಲೇಬಾರದು. ಹಾಸಿಗೆ, ಸೋಫಾ, ಮೆಟ್ಟಿಲು, ಹೊರಬಾಗಿಲು ಇವುಗಳಿಂದ ದೂರವಿಟ್ಟು, ಮನೆಯವರು ಎಚ್ಚರವಿರುವಾಗ ಮಾತ್ರ ಚಾರ್ಜ್‌ಗೆ ಹಾಕಬೇಕು.

ಆದರೆ ಒಂದೇ ಕೋಣೆಯಲ್ಲಿ ನಾಲ್ವರೊಡನೆ ಮಲಗುವ ಡೆಲಿವರಿ ಹುಡುಗ ಬ್ಯಾಟರಿಯನ್ನು ಎಲ್ಲಿ ಇಡಬೇಕು? ಜೈನ ಶಾಸ್ತ್ರ ಇಲ್ಲಿಯೂ ಕಟ್ಟುನಿಟ್ಟು: ತಾನು ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಮೂರೂ ಕರ್ಮವೇ. ಕಳಪೆ ಪ್ಯಾಕ್ ಮಾರಿದವರು, ಜಾಗ ಕೊಡದೆ ದುಡಿಸಿಕೊಂಡವರು, ಮನೆಬಾಗಿಲಿಗೆ ಊಟ ತರಿಸಿಕೊಂಡವರು ಎಲ್ಲರಿಗೂ ಅದರಲ್ಲಿ ಪಾಲಿದೆ. 2023ರಲ್ಲಿ ಲಿಥಿಯಂ ಬ್ಯಾಟರಿ ಬೆಂಕಿಗೆ 18 ಜನರನ್ನು ಕಳೆದುಕೊಂಡ ನ್ಯೂಯಾರ್ಕ್, ಅದೇ ವರ್ಷ ಪ್ರಮಾಣೀಕರಣವಿಲ್ಲದ ಇ-ಬೈಕ್ ಬ್ಯಾಟರಿಗಳ ಮಾರಾಟ ನಿಷೇಧಿಸಿತು. 2024ರಲ್ಲಿ ಡೆಲಿವರಿ ಕಾರ್ಮಿಕರಿಗಾಗಿ ಬಯಲಿನಲ್ಲಿ ಚಾರ್ಜಿಂಗ್ ಕೇಂದ್ರಗಳನ್ನು ಪ್ರಾಯೋಗಿಕವಾಗಿ ತೆರೆಯಿತು. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳೂ ಆಹಾರ ಕಂಪನಿಗಳೂ ಇಂಥ ಜಾಗಗಳನ್ನು ಮಾಡಿಕೊಡುವ ಹೊಣೆಯನ್ನು ಈಗಲೇ ಹೊರಬೇಕಿದೆ.