ಬಾರದ ಕಾಯಿಲೆಗೆ ರಸೀದಿ ಇಲ್ಲ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನಲ್ಲಿ ಎಸೆಯುವಂಥದ್ದು ಏನೂ ಇಲ್ಲ. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿ ಉಂಡೆ ಕೊಬ್ಬರಿಯಾಗುತ್ತದೆ, ಮಟ್ಟೆ ನಾರಾಗುತ್ತದೆ, ಚಿಪ್ಪು ಇದ್ದಿಲಾಗುತ್ತದೆ. ಆ ಇದ್ದಿಲಿನಿಂದ ತಯಾರಾಗುವ ಕ್ರಿಯಾಶೀಲ ಇಂಗಾಲ ದೂರದ ಊರುಗಳಲ್ಲಿ ಕುಡಿಯುವ ನೀರನ್ನೂ ಗಾಳಿಯನ್ನೂ ಶುದ್ಧಮಾಡುತ್ತದೆ. ಆದರೆ ಮೂರು ಕಿಲೋಗೂ ಹೆಚ್ಚು ಚಿಪ್ಪು ಸುಟ್ಟರೆ ಸಿಗುವುದು ಸುಮಾರು ಒಂದು ಕಿಲೋ ಇದ್ದಿಲು. ಗುಂಡಿಯಲ್ಲಿ ಸುಡುವಾಗ ಏಳುವ ಹೊಗೆ ಇಲ್ಲಿಯೇ, ಪಕ್ಕದ ಮನೆಯ ಮಗುವಿನ ಎದೆಯಲ್ಲಿಯೇ ಉಳಿಯುತ್ತದೆ.

ಹೊಗೆಗೆ ಮಿತಿ ಹಾಕಿ ಎಂದರೆ, "ಹೊಟ್ಟೆಯ ಮೇಲೆ ಹೊಡೆಯಬೇಡಿ" ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಹೊಗೆಯನ್ನು ಒಳಗೇ ಉರಿಸುವ ಒಲೆಗೆ, ಚಿಮಣಿಗೆ ಹಣ ಬೇಕು. ಆ ಖರ್ಚು ಒಬ್ಬನ ಲೆಕ್ಕದ ಪುಸ್ತಕದಲ್ಲಿ ಎದ್ದು ಕಾಣುತ್ತದೆ. ಲಾಭವಾದರೋ ನೂರು ಮನೆಗಳಲ್ಲಿ ಚದುರಿಹೋಗಿದೆ: ಬಾರದ ಕೆಮ್ಮು, ತಪ್ಪಿದ ಆಸ್ಪತ್ರೆಯ ದಾರಿ, ಕಳೆದುಕೊಳ್ಳದ ದಿನಗೂಲಿ. ಬಾರದ ಕಾಯಿಲೆಗೆ ಯಾರೂ ರಸೀದಿ ಕೊಡುವುದಿಲ್ಲ. ಆದ್ದರಿಂದಲೇ ನಮ್ಮ ತಕ್ಕಡಿ ಒಂದೇ ಕಡೆಗೆ ವಾಲುತ್ತದೆ.

ಗಾಳಿಯಲ್ಲಿನ ಅತಿಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದೆಂದು 2009ರಲ್ಲಿ ನಮ್ಮ ದೇಶ ಗೊತ್ತುಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಈ ಅಂತರದಲ್ಲಿ ವಿಜ್ಞಾನದ ಜೊತೆಗೆ ನಮ್ಮ ಆಯ್ಕೆಯೂ ಇದೆ: ಯಾರ ಉಸಿರಿಗೆ ಎಷ್ಟು ಬೆಲೆ?

ಇನ್ನೊಂದು ಮುಖವನ್ನೂ ನೋಡೋಣ. ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2011ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಳನ್ನು ನಿಲ್ಲಿಸಿತು. ಚಿಕ್ಕನಾಯಕನಹಳ್ಳಿ ಕಡೆ ಅದಿರಿನ ಲಾರಿಗಳು ಎಬ್ಬಿಸುತ್ತಿದ್ದ ಕೆಂಧೂಳು ನಿಂತಿತು. ಆ ಲಾರಿಗಳನ್ನು ನಂಬಿದ್ದವರ ಕೂಲಿಯೂ ನಿಂತಿತು. ನಿರ್ಬಂಧದ ಪೆಟ್ಟು ಮೊದಲು ಬೀಳುವುದು ಬಡವನಿಗೇ. 2013ರಲ್ಲಿ ಷರತ್ತಿನ ಮೇಲೆ ಕೆಲವು ಗಣಿಗಳಿಗೆ ಅವಕಾಶವಿತ್ತ ನ್ಯಾಯಾಲಯ, ಹಾಳಾದ ಪ್ರದೇಶದ ಪುನಶ್ಚೇತನಕ್ಕೆ ಗಣಿಯವರ ಹಣವೇ ಬಳಕೆಯಾಗಬೇಕೆಂದಿತು.

ನ್ಯಾಯದ ದಾರಿ ಇದೇ. ಮಿತಿಯನ್ನು ಸಡಿಲಿಸುವುದು ಬೇಡ. ಅದರ ಖರ್ಚನ್ನು ಲಾಭ ಉಂಡವರು ಹೊರಲಿ, ಕೂಲಿಯವಳಲ್ಲ. ಆ ಲಾಭದಲ್ಲಿ ಚಿಪ್ಪು ಮಾರುವ ನಮಗೂ ಪಾಲಿದೆಯಲ್ಲವೇ? ಮುಂದಿನ ಸಲ ಚಿಪ್ಪು ತೂಗಿಸುವಾಗ, ಇದನ್ನು ಎಲ್ಲಿ, ಹೇಗೆ ಸುಡುತ್ತೀರಿ ಎಂದು ಕೇಳಿ ನೋಡಿ. ಹೊಗೆಯಿಲ್ಲದೆ ಸುಡುವವನು ಕಿಲೋಗೆ ಒಂದು ರೂಪಾಯಿ ಕಡಿಮೆ ಕೊಟ್ಟರೆ ನಾವು ಅವನಿಗೇ ಮಾರುತ್ತೇವೆಯೇ? ನೆರೆಯವರ ಮೇಲಿನ ನಮ್ಮ ಪ್ರೀತಿ ಎಷ್ಟೆಂಬುದು ಆ ಒಂದು ರೂಪಾಯಿಯಲ್ಲಿ ತಿಳಿಯುತ್ತದೆ.