ಬೆಸೆದರೆ ಏಳುವ ತೋಳು

ಮುಂಬಯಿಯ ಬೆಳಗಿನ ಡೊಂಬಿವಲಿ ಲೋಕಲ್ ರೈಲಿನಲ್ಲಿ ನಿಂತು ಹೋಗುವವರಿಗೆ ಕಾಲಿಗಿಂತ ಕೈಯೇ ಆಸರೆ. ತಲೆಯ ಮೇಲಿನ ಹಿಡಿಕೆ ಸಿಕ್ಕಿತೋ, ಥಾಣೆಯವರೆಗೆ ಚಿಂತೆಯಿಲ್ಲ. ಕೈ ಎತ್ತುವುದೂ ಒಂದು ಕೆಲಸವೆಂದು ಅಲ್ಲಿ ಯಾರಿಗೂ ಅನಿಸುವುದಿಲ್ಲ, ಎಫ್‌ಎಸ್‌ಎಚ್‌ಡಿ ಎಂಬ ಸ್ನಾಯುರೋಗ ಇರುವವರನ್ನು ಬಿಟ್ಟು.

1880ರ ದಶಕದಲ್ಲಿ ಫ್ರಾನ್ಸಿನ ವೈದ್ಯರಾದ ಲಾಂದೂಜಿ ಮತ್ತು ದೆಜೆರೀನ್ ವಿವರಿಸಿದ ಈ ಸ್ನಾಯುಕ್ಷಯ ಮುಖ, ಹೆಗಲು, ತೋಳುಗಳನ್ನು ಹಿಡಿಯುತ್ತದೆ. ವಿಚಿತ್ರವೆಂದರೆ, ತೋಳನ್ನೆತ್ತುವ ಡೆಲ್ಟಾಯ್ಡ್ ಸ್ನಾಯು ಹೆಚ್ಚಿನವರಲ್ಲಿ ಬಹುಕಾಲ ಗಟ್ಟಿಯಾಗಿಯೇ ಇರುತ್ತದೆ. ಮೊದಲು ಸೋಲುವುದು ಹೆಗಲೆಲುಬನ್ನು ಬೆನ್ನಿಗೆ ಅಂಟಿಸಿ ಹಿಡಿದ ಸ್ನಾಯುಗಳು. ತೋಳು ಏಳಹೊರಟರೆ ಆ ಎಲುಬು ಜಾರಿ, ಅಂಗಿಯೊಳಗೆ ರೆಕ್ಕೆಯಂತೆ ಉಬ್ಬುತ್ತದೆ. ಕೈ ಅರ್ಧಕ್ಕೇ ನಿಲ್ಲುತ್ತದೆ.

ವೈದ್ಯರು ಹಿಂದೆ ನಿಂತು, ಅಂಗೈಯಿಂದ ಆ ಎಲುಬನ್ನು ಪಕ್ಕೆಲುಬಿಗೆ ಒತ್ತಿ ಹಿಡಿದು, "ಈಗ ಎತ್ತಿ" ಎನ್ನುತ್ತಾರೆ. ಕೈ ಮೇಲೇರುತ್ತದೆ. ಶಕ್ತಿಯಿತ್ತು, ನೆಲೆಯಿರಲಿಲ್ಲ. ಆ ಅಂಗೈಯ ಕೆಲಸವನ್ನು ಶಾಶ್ವತವಾಗಿಸುವುದೇ ಶಸ್ತ್ರಚಿಕಿತ್ಸೆ: ಹೆಗಲೆಲುಬನ್ನು ತಂತಿಯಿಂದ ಪಕ್ಕೆಲುಬುಗಳಿಗೆ ಕಟ್ಟಿ, ಹೆಚ್ಚಾಗಿ ಸೊಂಟದಿಂದ ತೆಗೆದ ಎಲುಬಿನ ಚೂರುಗಳನ್ನು ನಡುವೆ ತುಂಬಿ, ಎರಡೂ ಒಂದಾಗುವಂತೆ ಬೆಸೆಯುತ್ತಾರೆ.

ಡೊಂಬಿವಲಿ ಪಕ್ಕದ ಕಲ್ಯಾಣ ಬಸವಣ್ಣನ ಕಲ್ಯಾಣವಲ್ಲ, ನಿಜ. ಆದರೂ ಅವನ ಸ್ಥಾವರ-ಜಂಗಮದ ಮಾತು ಇಲ್ಲಿ ನೆನಪಾಗದಿರದು. ಚಲಿಸುವ ಜಂಗಮವನ್ನು ಹೊಗಳಿ, ನಿಂತಲ್ಲೇ ನಿಂತ ಸ್ಥಾವರವನ್ನು ಕೆಳಗಿಡುವುದು ನಮಗೆ ರೂಢಿ. ಹೆಗಲಿನಲ್ಲಿ ಆ ಲೆಕ್ಕ ಕೂಡುವುದಿಲ್ಲ. ಒಂದು ಎಲುಬು ತನ್ನ ಚಲನೆಯನ್ನು ಪೂರ್ತಿ ಬಿಟ್ಟುಕೊಟ್ಟ ಮೇಲೆಯೇ ತೋಳಿಗೆ ಎತ್ತರ.

ಬಿಟ್ಟುಕೊಡುವುದು ಅಗ್ಗದ್ದಲ್ಲ. ವಾರಗಟ್ಟಲೆ ತೋಳನ್ನು ಕಟ್ಟಿಕೊಂಡಿರಬೇಕು. ಶ್ವಾಸಕೋಶದ ಸುತ್ತ ಗಾಳಿ ಸೇರಬಹುದು, ನರಕ್ಕೆ ಪೆಟ್ಟಾಗಬಹುದು, ಬೆಸುಗೆ ಕೂಡದೆಯೂ ಹೋಗಬಹುದು. ರೋಗವಂತೂ ನಿಲ್ಲುವುದಿಲ್ಲ; ಮುಂದೆ ಡೆಲ್ಟಾಯ್ಡ್ ಕ್ಷೀಣಿಸಿದರೆ ಗಳಿಸಿದ್ದೂ ಇಳಿದೀತು. ಚಿಕಿತ್ಸೆಗಳ ಪುರಾವೆಯನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2010ರ ವಿಮರ್ಶೆಗೆ, ಈ ಶಸ್ತ್ರಚಿಕಿತ್ಸೆಯ ಬಗ್ಗೆ ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿ ಹೋಲಿಸಿದ ಪ್ರಯೋಗ ಒಂದೂ ಸಿಗಲಿಲ್ಲ; ಸಿಕ್ಕಿದ್ದು ಹತ್ತಾರು ರೋಗಿಗಳನ್ನು ಗಮನಿಸಿ ಬರೆದ ವರದಿಗಳು. ಅವುಗಳಲ್ಲೂ ತೋಳು ಸಾಮಾನ್ಯವಾಗಿ ಏರುವುದು ಭುಜದ ಮಟ್ಟಕ್ಕೆ, ಇಲ್ಲವೇ ತುಸು ಮೇಲಕ್ಕೆ. ಲೋಕಲ್‌ನ ಹಿಡಿಕೆ ಆಗಲೂ ದೂರವೇ ಉಳಿದೀತು.

ಹಾಗಾದರೆ ಎಷ್ಟು ಎತ್ತರ ಸಾಕು? ವೈದ್ಯರು ಡಿಗ್ರಿಯಲ್ಲಿ ಅಳೆಯುತ್ತಾರೆ. ಮನೆಯಲ್ಲಿ ಅಳತೆಗೋಲು ಬೇರೆ: ಹಣೆಗೆ ಕುಂಕುಮ, ತಲೆಗೆ ಬಾಚಣಿಗೆ, ದೇವರ ಗೂಡಿನ ದೀಪ. ಒಬ್ಬರಿಗೆ ಇವಕ್ಕಾಗಿ ಎಲುಬು ಬೆಸೆಸಿಕೊಳ್ಳುವುದು ಸರಿ, ಇನ್ನೊಬ್ಬರಿಗೆ ದೀಪವನ್ನೇ ಕೆಳಗಿಡುವುದು ಸರಿ. ನವಿ ಮುಂಬಯಿಯ ಫ್ಲ್ಯಾಟುಗಳಲ್ಲಿ ಬಟ್ಟೆ ಒಣಹಾಕುವ ಸರಳನ್ನು ರಾಟೆಯಿಂದ ಕೆಳಗಿಳಿಸಿಕೊಳ್ಳುತ್ತಾರೆ; ಅದನ್ನು ಯಾರೂ ಸೋಲೆನ್ನುವುದಿಲ್ಲ. ಶಸ್ತ್ರಚಿಕಿತ್ಸೆ ಬೇಡವೆಂದವರನ್ನು ಮಾತ್ರ ನೆಂಟರು ಧೈರ್ಯ ಸಾಲದವರೆಂದು ಮಾತಾಡಿಕೊಳ್ಳುತ್ತಾರೆ.