ಕಲಿಸುವವನಿಗೆ ಕಲಿಸುವವರು ಯಾರು?

ಆಧಾರ ವಾಕ್ಯ: ಅಪೊಸ್ತಲರ ಕೃತ್ಯಗಳು ೧೮ನೆಯ ಅಧ್ಯಾಯ, ೨೪ರಿಂದ ೨೮ನೆಯ ವಚನಗಳು.



ಮೇಲೆ ಸೂಚಿಸಿದ ವಚನಗಳನ್ನು ಸತ್ಯವೇದದಲ್ಲಿ ತೆರೆದು ಓದಿಕೊಂಡು ಈ ಮಾತುಗಳಿಗೆ ಕಿವಿಗೊಡಬೇಕೆಂದು ಬೇಡಿಕೊಳ್ಳುತ್ತೇನೆ. ಅಲೆಕ್ಸಾಂದ್ರಿಯ ಪಟ್ಟಣದ ಅಪೊಲ್ಲೋಸನೆಂಬ ಯೆಹೂದ್ಯನು ಎಫೆಸಕ್ಕೆ ಬಂದನು. ಅವನು ಮಾತಿನಲ್ಲಿ ಚತುರನು, ಶಾಸ್ತ್ರಗಳಲ್ಲಿ ಪಂಡಿತನು, ಮನಸ್ಸಿನಲ್ಲಿ ಉರಿಯುವ ಆಸಕ್ತಿಯುಳ್ಳವನು. ಇಂಥವನು ನಮ್ಮ ಊರಿಗೆ ಬಂದರೆ ನಾವು ಏನು ಮಾಡುವೆವು? ಹೂವಿನ ಹಾರ ಹಾಕಿ, ಎಲ್ಲಾ ಕೆಲಸವನ್ನು ಅವನ ಕೈಗೆ ಒಪ್ಪಿಸಿ, ನಿಶ್ಚಿಂತರಾಗಿ ಮನೆಗೆ ಹೋಗುವೆವು. ಆದರೆ ಗುಡಾರ ಮಾಡುವ ಕಸುಬಿನವರಾದ ಅಕ್ವಿಲನೂ ಪ್ರಿಸ್ಕಿಲ್ಲಳೂ ಹಾಗೆ ಮಾಡಲಿಲ್ಲ. ಅವನು ಯೋಹಾನನ ದೀಕ್ಷಾಸ್ನಾನದ ವರೆಗೆ ಮಾತ್ರ ಬಲ್ಲವನೆಂದು ಅವರು ಕಂಡುಕೊಂಡರು. ಕಂಡು, ಜನರ ಮುಂದೆ ಅವನನ್ನು ಖಂಡಿಸಲಿಲ್ಲ. ಅವನ ಬೆನ್ನ ಹಿಂದೆ ಹಗುರವಾಗಿ ಮಾತಾಡಲೂ ಇಲ್ಲ. ಅವನನ್ನು ತಮ್ಮ ಬಳಿಗೆ ಸೇರಿಸಿಕೊಂಡು, ಅವನು ಅರಿಯದಿದ್ದದ್ದನ್ನು ಅವನಿಗೆ ತಿಳಿಯಪಡಿಸಿದರು. ಆಮೇಲೆ ಅವನು ಅಖಾಯಕ್ಕೆ ಹೋಗಿ ಅಲ್ಲಿಯ ವಿಶ್ವಾಸಿಗಳಿಗೆ ಬಹಳವಾಗಿ ಸಹಾಯಕನಾದನು.

ಇದರಿಂದ ಸಭೆಯು ಕಲಿಯತಕ್ಕದ್ದೇನಂದರೆ: ಬೋಧಕನನ್ನು ನೇಮಿಸಿದರೆ ಸಾಲದು, ಬೋಧಕನಿಗೂ ಬೋಧಿಸಬೇಕು. ನಮ್ಮ ಹಳ್ಳಿಯ ಸಭೆಗಳಲ್ಲಿ ಆದಿತ್ಯವಾರದ ಶಾಲೆಯು ಹೇಗೆ ನಡೆಯುತ್ತದೆಂದು ನೋಡಿರಿ. ಓದು ಬಲ್ಲ ಯೌವನಸ್ಥನೊಬ್ಬನನ್ನು ಹಿರಿಯರು ಕರೆದು, ಪುಸ್ತಕವನ್ನು ಕೈಯಲ್ಲಿ ಕೊಟ್ಟು, ಇನ್ನು ಮಕ್ಕಳನ್ನು ನೀನೇ ನೋಡಿಕೋ ಎಂದು ಹೇಳುತ್ತಾರೆ. ಅವನು ಪಾಠವನ್ನು ಹೇಗೆ ತಿಳಿದುಕೊಂಡನು, ಮಕ್ಕಳು ಏನು ಕೇಳಿದರು, ಅವನು ಏನು ಉತ್ತರ ಕೊಟ್ಟನು ಎಂದು ಮತ್ತೆ ವಿಚಾರಿಸುವವರು ಇಲ್ಲ. ಎತ್ತನ್ನು ಪಳಗಿಸದೆ ನೊಗಕ್ಕೆ ಕಟ್ಟುವ ಒಕ್ಕಲಿಗನು ನಮ್ಮಲ್ಲಿ ಇದ್ದಾನೋ? ಎತ್ತಿನ ವಿಷಯದಲ್ಲಿ ಇರುವ ವಿವೇಕವು ಮಕ್ಕಳ ಆತ್ಮಗಳ ವಿಷಯದಲ್ಲಿ ಬೇಡವೋ?

ರೋಮನ್ ಕಥೋಲಿಕ ಸಭೆಯವರಿಗೂ ನಮಗೂ ಉಪದೇಶದ ಕೆಲವು ವಿಷಯಗಳಲ್ಲಿ ಭೇದವುಂಟೆಂಬದನ್ನು ಎಲ್ಲರೂ ಬಲ್ಲರು. ಆದರೂ ತಮ್ಮ ಉಪದೇಶಿಗಳನ್ನು ಸಿದ್ಧಮಾಡುವ ವಿಷಯದಲ್ಲಿ ಅವರು ಪಟ್ಟಿರುವ ಪ್ರಯಾಸದಿಂದ ನಾವು ಕಲಿಯತಕ್ಕದ್ದು ಬಹಳವಿದೆ. ೨೦೨೦ರಲ್ಲಿ ಅವರು ಧರ್ಮೋಪದೇಶಕ್ಕಾಗಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ ಉಪದೇಶಿಯ ಶಿಕ್ಷಣವು ಮೂರು ವಿಧವಾಗಿರಬೇಕೆಂದು ತೋರಿಸಿದ್ದಾರೆ. ಅವನು ಎಂಥವನಾಗಿರಬೇಕು, ಏನನ್ನು ತಿಳಿದಿರಬೇಕು, ಹೇಗೆ ಕಲಿಸಬೇಕು ಎಂಬವೇ ಆ ಮೂರು. ಇವುಗಳನ್ನು ಒಂದೊಂದಾಗಿ ಧ್ಯಾನಿಸೋಣ, ತಿಳುವಳಿಕೆಯಿಂದ ಆರಂಭಿಸುವೆನು.

ಒಂದನೆಯದಾಗಿ, ಬೋಧಕನು ತಿಳಿದವನಾಗಿರಬೇಕು.

ಅಪೊಲ್ಲೋಸನು ಹೇಳಿದ್ದು ಸುಳ್ಳಲ್ಲ; ಅದು ಅರೆಯಾಗಿತ್ತು. ಉರಿಯುವ ಆಸಕ್ತಿಯು ಅರೆ ತಿಳುವಳಿಕೆಯನ್ನು ಪೂರ್ತಿ ಮಾಡಲಾರದು. ೧೫೨೮ರಲ್ಲಿ ಮಾರ್ಟಿನ್ ಲೂಥರನು ಸಾಕ್ಸೋನಿ ದೇಶದ ಹಳ್ಳಿಯ ಸಭೆಗಳನ್ನು ಸಂದರ್ಶಿಸುವದಕ್ಕೆ ಹೋದಾಗ ಅವನ ಮನಸ್ಸು ಕುಂದಿತು. ಯಾಕಂದರೆ ಹಳ್ಳಿಯ ಜನರು ಕ್ರಿಸ್ತನ ಉಪದೇಶದಲ್ಲಿ ಏನೂ ಅರಿಯದವರಾಗಿದ್ದರು. ಅವರ ಪಾಲಕರಲ್ಲಿ ಅನೇಕರು ಕಲಿಸುವ ಶಕ್ತಿಯಿಲ್ಲದವರಾಗಿದ್ದರು. ಅವನು ೧೫೨೯ರಲ್ಲಿ ಎರಡು ಪ್ರಶ್ನೋತ್ತರ ಪುಸ್ತಕಗಳನ್ನು ಪ್ರಕಟಿಸಿದನು. ಚಿಕ್ಕದು ಮನೆಯ ಯಜಮಾನರೂ ಮಕ್ಕಳೂ ಕಲಿಯುವದಕ್ಕೆ. ದೊಡ್ಡದು ವಿಶೇಷವಾಗಿ ಕಲಿಸುವವರು ಓದಿ ಬಲಹೊಂದುವದಕ್ಕೆ. ಕಥೋಲಿಕ ಸಭೆಯಲ್ಲಿಯೂ ತ್ರೆಂತ್ ಪಟ್ಟಣದ ಮಹಾಸಭೆಯ ತರುವಾಯ, ೧೫೬೬ರಲ್ಲಿ, ಊರ ಗುರುಗಳು ಜನರಿಗೆ ಸರಿಯಾಗಿ ಬೋಧಿಸುವ ಹಾಗೆ ಒಂದು ದೊಡ್ಡ ಉಪದೇಶ ಗ್ರಂಥವು ಹೊರಟಿತು. ಒಬ್ಬರನ್ನೊಬ್ಬರು ಬಲವಾಗಿ ಎದುರಿಸುತ್ತಿದ್ದ ಎರಡು ಪಕ್ಷದವರೂ ಒಂದೇ ಕೊರತೆಯನ್ನು ಕಂಡರು, ಒಂದೇ ಔಷಧವನ್ನು ಹುಡುಕಿದರು. ಆದದರಿಂದ ಬೋಧಕರೇ, ಮಕ್ಕಳ ಪುಸ್ತಕದಲ್ಲಿ ಇರುವಷ್ಟನ್ನೇ ನೀವು ತಿಳಿದರೆ ಸಾಲದು. ಕೊಡದಲ್ಲಿ ಒಂದೇ ಲೋಟ ನೀರು ಇದ್ದರೆ, ಎರಡನೆಯ ಮಗುವಿಗೆ ಏನು ಕೊಡುವಿರಿ?

ಎರಡನೆಯದಾಗಿ, ಬೋಧಕನು ತಾನು ಕಲಿಸುವದನ್ನು ಬಾಳುವವನಾಗಿರಬೇಕು.

ಇದಕ್ಕೆ ಒಬ್ಬ ಉಪದೇಶಿಯ ಜೀವಿತವನ್ನು ನಿಮ್ಮ ಮುಂದೆ ಇಡುತ್ತೇನೆ. ಪೂರ್ವ ಸಮುದ್ರದಲ್ಲಿ ಈಗ ಪಾಪುವ ನ್ಯೂಗಿನಿ ಎಂಬ ರಾಜ್ಯಕ್ಕೆ ಸೇರಿದ ನ್ಯೂ ಬ್ರಿಟನ್ ದ್ವೀಪವಿದೆ. ಅಲ್ಲಿಯ ರಕುನೈ ಎಂಬ ಹಳ್ಳಿಯಲ್ಲಿ ೧೯೧೨ರಲ್ಲಿ ಪೇತ್ರ ತೊ ರೋತ್ ಎಂಬವನು ಹುಟ್ಟಿದನು. ಅವನ ತಂದೆ ಊರಿನ ನಾಯಕನು. ೧೯೩೦ರಲ್ಲಿ ಅವನನ್ನು ತಾಲಿಲಿಗಾಪಿನಲ್ಲಿದ್ದ ಉಪದೇಶಿಗಳ ಶಾಲೆಗೆ ಕಳುಹಿಸಿದರು. ಅಲ್ಲಿ ಅಭ್ಯಾಸ ಮುಗಿಸಿ, ೧೯೩೩ರಲ್ಲಿ ಸ್ವಂತ ಊರಿನಲ್ಲಿಯೇ ಉಪದೇಶಿಯಾದನು. ಮಕ್ಕಳಿಗೆ ಪಾಠ ಹೇಳುವದು, ರೋಗಿಗಳನ್ನು ನೋಡುವದು, ಪ್ರಾರ್ಥನೆ ನಡಿಸುವದು, ಇವೇ ಅವನ ಕೆಲಸ. ನಮ್ಮ ಹಳ್ಳಿಯ ಉಪದೇಶಿಯ ಕೆಲಸಕ್ಕಿಂತ ಅದು ಬೇರೆಯಾಗಿರಲಿಲ್ಲ.

೧೯೪೨ರಲ್ಲಿ ಜಪಾನಿನ ಸೈನ್ಯವು ಆ ದ್ವೀಪವನ್ನು ಹಿಡಿಯಿತು. ಮಿಶನರಿಗಳನ್ನೆಲ್ಲಾ ಸೆರೆಗೆ ಒಯ್ದರು. ಕುರುಬನಿಲ್ಲದ ಆ ಮಂದೆಗೆ ಈ ಉಪದೇಶಿಯೇ ಆಧಾರವಾದನು. ಅವನು ಜನರನ್ನು ಪ್ರಾರ್ಥನೆಗೆ ಕೂಡಿಸಿದನು, ಕೂಸುಗಳಿಗೆ ದೀಕ್ಷಾಸ್ನಾನ ಮಾಡಿಸಿದನು, ಮದುವೆಗಳಿಗೆ ಸಾಕ್ಷಿಯಾಗಿ ನಿಂತನು, ಸಾಯುವವರ ಬಳಿಯಲ್ಲಿ ಕುಳಿತನು. ಕೆಲವು ಕಾಲದ ಮೇಲೆ ಅಧಿಕಾರಿಗಳು ಆರಾಧನೆಯನ್ನು ನಿಷೇಧಿಸಿದರು. ಅವನು ಗುಟ್ಟಾಗಿ ಕೂಡಿಸಿದನು. ಮತ್ತು ಅವರು ಊರ ನಾಯಕರನ್ನು ತಮ್ಮ ಕಡೆಗೆ ಒಲಿಸಿಕೊಳ್ಳುವದಕ್ಕಾಗಿ, ಗಂಡಸರು ಹಿಂದಿನಂತೆ ಅನೇಕ ಹೆಂಡತಿಯರನ್ನು ಇಟ್ಟುಕೊಳ್ಳಬಹುದೆಂದು ಅಪ್ಪಣೆ ಕೊಟ್ಟರು. ಇಲ್ಲಿ ಅವನು ಸುಮ್ಮನಿರಬಹುದಾಗಿತ್ತು. ಆದರೆ ಮದುವೆಯು ಪರಿಶುದ್ಧವೆಂದು ಅವನು ಮಕ್ಕಳಿಗೂ ದೊಡ್ಡವರಿಗೂ ಕಲಿಸಿದ್ದನು. ಕಲಿಸಿದ ಮಾತನ್ನು ಭಯದ ನಿಮಿತ್ತ ಹಿಂದಕ್ಕೆ ತಕ್ಕೊಳ್ಳುವದು ಅವನಿಂದ ಆಗಲಿಲ್ಲ. ೧೯೪೫ರಲ್ಲಿ ಅವನನ್ನು ಹಿಡಿದು ಸೆರೆಯಲ್ಲಿ ಹಾಕಿದರು. ಆ ವರುಷದ ಜುಲೈ ತಿಂಗಳಲ್ಲಿ ವಿಷದ ಚುಚ್ಚುಮದ್ದಿನಿಂದ ಕೊಂದರು. ಆಗ ಅವನ ಪ್ರಾಯ ಮೂವತ್ತಮೂರು. ಹೆಂಡತಿಯೂ ಚಿಕ್ಕ ಮಕ್ಕಳೂ ಇದ್ದರು.

ಕಥೋಲಿಕ ಸಭೆಯವರು ೧೯೯೫ರಲ್ಲಿ ಅವನನ್ನು ಧನ್ಯನೆಂದೂ, ೨೦೨೫ನೆಯ ಅಕ್ಟೋಬರ್ ೧೯ರಂದು ಪೋಪ್ ಹದಿನಾಲ್ಕನೆಯ ಲಿಯೋ ಎಂಬವರ ಮೂಲಕ ಪರಿಶುದ್ಧನೆಂದೂ ಸಾರಿದರು. ಆ ದೇಶದಲ್ಲಿ ಈ ಹೆಸರು ಪಡೆದವರಲ್ಲಿ ಅವನೇ ಮೊದಲನೆಯವನು. ನಾವು ಅಂಥ ಬಿರುದುಗಳನ್ನು ಕೊಡುವವರಲ್ಲ. ಆದರೂ ಮರಣದ ವರೆಗೂ ನಂಬಿಗಸ್ತನಾದ ಸೇವಕನನ್ನು ಗೌರವಿಸಲು ಬಲ್ಲೆವು. ಇಲ್ಲಿ ಒಂದು ಮಾತನ್ನು ಗಮನಿಸಿರಿ. ೧೯೩೦ರಲ್ಲಿ ಅವನನ್ನು ಶಾಲೆಗೆ ಕಳುಹಿಸಿದವರಿಗೆ ೧೯೪೨ರಲ್ಲಿ ಏನು ಬರುವದೆಂಬದು ತಿಳಿದಿರಲಿಲ್ಲ. ಅವರು ಒಬ್ಬ ಯೌವನಸ್ಥನಿಗೆ ಚೆನ್ನಾಗಿ ಕಲಿಸಿದರು, ಅಷ್ಟೇ. ಕಷ್ಟದ ದಿನ ಬಂದಾಗ ಆ ಕಲಿಕೆಯೇ ಒಂದು ಸಭೆಯನ್ನು ಕಾಪಾಡಿತು. ಬಿರುಗಾಳಿ ಎದ್ದ ಮೇಲೆ ಅಸ್ತಿವಾರ ಹಾಕುವದಕ್ಕೆ ಆಗುವದೋ?

ಮೂರನೆಯದಾಗಿ, ಬೋಧಕನು ಕಲಿಸುವ ಬಗೆಯನ್ನು ಅರಿತಿರಬೇಕು.

ನಮ್ಮ ಕರ್ತನು ಬಿತ್ತುವವನನ್ನು ತೋರಿಸಿ ದೇವರ ರಾಜ್ಯವನ್ನು ಕಲಿಸಿದನು. ತೆರಿಗೆಯ ನಾಣ್ಯವನ್ನು ತರಿಸಿ, ಅದರ ಮೇಲಿನ ಮುದ್ರೆ ಯಾರದೆಂದು ಕೇಳಿದವರನ್ನೇ ಕೇಳಿದನು. ಒಂದು ಮಗುವನ್ನು ನಡುವೆ ನಿಲ್ಲಿಸಿ ಶಿಷ್ಯರಿಗೆ ದೀನತೆಯನ್ನು ಬೋಧಿಸಿದನು. ನಮ್ಮ ಬೋಧಕರಲ್ಲಿ ಕೆಲವರೋ ಪುಸ್ತಕದಿಂದ ಕಣ್ಣೆತ್ತದೆ ಓದಿ, ಮಕ್ಕಳಿಂದ ಒಪ್ಪಿಸಿಕೊಂಡು, ಪಾಠವಾಯಿತೆಂದು ಎದ್ದುಹೋಗುತ್ತಾರೆ. ಬಾಯಿಪಾಠವನ್ನು ನಾನು ಹಳಿಯುವದಿಲ್ಲ. ಅದು ಕಣಜದಲ್ಲಿಟ್ಟ ಬೀಜದ ಹಾಗೆ ಬೇಕಾದ ಕಾಲಕ್ಕೆ ಒದಗುವದು. ಆದರೆ ಕಣಜದಲ್ಲಿಯೇ ಉಳಿದ ಬೀಜವು ಬೆಳೆ ಕೊಡದು. ಆದದರಿಂದ ಒಂದು ಉತ್ತರವನ್ನು ಕಲಿಸಿದ ಮೇಲೆ, ಈ ವಾರ ಮನೆಯಲ್ಲಿ, ಹೊಲದಲ್ಲಿ, ಬಾವಿಯ ಕಟ್ಟೆಯ ಬಳಿಯಲ್ಲಿ ಇದನ್ನು ಹೇಗೆ ನಡಿಸುವಿ ಎಂದು ಮಗುವನ್ನು ಕೇಳಿರಿ. ಮಗು ಪ್ರಶ್ನೆ ಕೇಳಿದರೆ ಗದರಿಸಬೇಡಿರಿ. ಪಸ್ಕದ ಆಚರಣೆಯ ಅರ್ಥವೇನೆಂದು ಮಕ್ಕಳು ಕೇಳುವರೆಂದೂ ಅವರಿಗೆ ಉತ್ತರ ಕೊಡಬೇಕೆಂದೂ ದೇವರೇ ಇಸ್ರಾಯೇಲ್ಯರಿಗೆ ಮುಂದಾಗಿ ತಿಳಿಸಿದನಲ್ಲವೇ (ವಿಮೋಚನಕಾಂಡ ೧೨:೨೬, ೨೭)?

ಹಾಗಾದರೆ ಇಂಥ ಬೋಧಕನನ್ನು ಸಿದ್ಧಪಡಿಸುವವರು ಯಾರು?

ಪ್ರಿಸ್ಕಿಲ್ಲಳೂ ಅಕ್ವಿಲನೂ ಯಾವ ವಿದ್ಯಾಲಯದ ಪಂಡಿತರೂ ಅಲ್ಲ. ಆದರೆ ಕೊರಿಂಥದಲ್ಲಿ ಪೌಲನು ಅವರ ಮನೆಯಲ್ಲಿ ಇಳುಕೊಂಡು, ಅವರೊಂದಿಗೆ ಗುಡಾರ ಹೊಲಿಯುತ್ತಾ ಕೆಲಸಮಾಡಿದನು. ಆ ಊರಲ್ಲಿ ಒಂದೂವರೆ ವರುಷ ಬೋಧಿಸಿದನು. ಅವರು ಪಡೆದದ್ದನ್ನು ಅಪೊಲ್ಲೋಸನಿಗೆ ಕೊಟ್ಟರು. ೧೫೩೬ರಲ್ಲಿ ಇಟಲಿಯ ಮಿಲಾನ್ ಪಟ್ಟಣದಲ್ಲಿ ಕಾಸ್ತೆಲ್ಲೀನೊ ದಾ ಕಾಸ್ತೆಲ್ಲೊ ಎಂಬ ಗುರುವು ಹಬ್ಬದ ದಿನಗಳಲ್ಲಿ ಮಕ್ಕಳಿಗೆ ಉಪದೇಶ ಹೇಳುವ ಶಾಲೆಗಳನ್ನು ಆರಂಭಿಸಿದಾಗ, ಆ ಕೆಲಸಕ್ಕೆ ಕೈಗೂಡಿಸಿದವರಲ್ಲಿ ಸಾಮಾನ್ಯ ಜನರೇ ಬಹಳ. ೧೯೦೫ರಲ್ಲಿ ಪೋಪ್ ಹತ್ತನೆಯ ಪಿಯುಸರು, ಪ್ರತಿ ಊರ ಸಭೆಯಲ್ಲಿಯೂ ಗುರುಗಳಿಗೆ ಸಹಾಯಮಾಡುವ ಇಂಥವರ ಸಂಘವಿರಬೇಕೆಂದು ವಿಧಿಸಿದರು. ೨೦೨೧ನೆಯ ಮೇ ೧೦ರಂದು ಪೋಪ್ ಫ್ರಾನ್ಸಿಸರು ಉಪದೇಶಿಯ ಕೆಲಸವನ್ನು ಸಭೆಯಲ್ಲಿ ಒಂದು ನೇಮಕವಾದ ಸೇವೆಯಾಗಿ ಸ್ಥಾಪಿಸಿ, ಅದಕ್ಕೆ ಬರುವವರು ಸತ್ಯವೇದದಲ್ಲಿಯೂ ಕಲಿಸುವ ವಿದ್ಯೆಯಲ್ಲಿಯೂ ತಕ್ಕ ಶಿಕ್ಷಣ ಹೊಂದಬೇಕೆಂದು ಬರೆದರು. ಗುರುಗಳು ಮಾತ್ರವಲ್ಲ, ವಿಶ್ವಾಸಿಗಳೆಲ್ಲರೂ ಈ ಭಾರಕ್ಕೆ ಪಾಲುಗಾರರು.

ಸಭಾಹಿರಿಯರೇ, ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಹೆಚ್ಚು ಹಣ ಬೇಡ. ಶನಿವಾರ ಸಂಜೆ ಬೋಧಕರೆಲ್ಲರೂ ಪಾಲಕರ ಬಳಿ ಕೂಡಿ ಮಾರಣೆ ದಿನದ ಪಾಠವನ್ನು ಒಟ್ಟಾಗಿ ಓದಲಿ. ಹೊಸ ಬೋಧಕನು ಒಂದು ವರುಷ ಹಳೆಯ ಬೋಧಕನ ಪಕ್ಕದಲ್ಲಿ ಕುಳಿತು ಕಲಿಯಲಿ. ಅವನಿಗೆ ಬೇಕಾದ ಪುಸ್ತಕಗಳನ್ನು ಸಭೆಯ ಪೆಟ್ಟಿಗೆಯಿಂದ ಕೊಡಿಸಿರಿ. ಸುಗ್ಗಿಯ ಹಬ್ಬದ ಪಂದಲಿಗೆ ಖರ್ಚುಮಾಡುವ ಸಭೆಯು ಒಂದು ಪುಸ್ತಕಕ್ಕೆ ಬಡವಾಗಬಾರದು. ಆರಾಧನೆಯಲ್ಲಿ ಬೋಧಕರ ಹೆಸರುಗಳನ್ನು ಹೇಳಿ ಪ್ರಾರ್ಥಿಸಿರಿ. ತಪ್ಪು ಕಂಡರೆ ಪ್ರಿಸ್ಕಿಲ್ಲಳ ಹಾಗೆ ಮನೆಗೆ ಕರೆದು ತಿಳಿಸಿರಿ.

ತಾಯಿತಂದೆಗಳೇ, ಬೋಧಕನು ವಾರಕ್ಕೆ ಒಂದು ತಾಸು ಬಿತ್ತಿದ್ದನ್ನು ನೀವು ಆರು ದಿನ ತುಳಿದರೆ, ಅವನೇನು ಮಾಡುವನು? ಮನೆಯಲ್ಲಿ ಕೂತಾಗಲೂ ದಾರಿ ನಡೆಯುವಾಗಲೂ ಮಕ್ಕಳಿಗೆ ಹೇಳಿಕೊಡಬೇಕೆಂದು ಮೋಶೆಯು ಆಜ್ಞಾಪಿಸಿದ್ದು ನಿಮಗೇ.

ಬೋಧಕರೇ, ನಿಮ್ಮ ಮುಂದೆ ಚಾಪೆಯ ಮೇಲೆ ಕುಳಿತಿರುವವರು ಹತ್ತೇ ಮಕ್ಕಳಾದರೂ ಕೆಲಸವು ಚಿಕ್ಕದೆಂದು ಎಣಿಸಬೇಡಿರಿ. ಅವರಲ್ಲಿ ಒಬ್ಬನು ಮುಂದೆ ಯಾವ ಕಷ್ಟಕಾಲದಲ್ಲಿ ಯಾರಿಗೆ ಆಧಾರವಾಗುವನೋ ನೀವು ಅರಿಯಿರಿ. ಪೌಲನು ನೆಟ್ಟನು, ಅಪೊಲ್ಲೋಸನು ನೀರು ಹೊಯ್ದನು, ಬೆಳೆಸಿದಾತನು ದೇವರೇ. ಆದರೆ ಆ ನೀರು ಹೊಯ್ದ ಕೈಗೆ ಕೊಡವನ್ನು ತುಂಬಿಸಿಕೊಟ್ಟವರು ಗುಡಾರ ಹೊಲಿಯುವ ಇಬ್ಬರು ವಿಶ್ವಾಸಿಗಳು. ಅಂಥವರು ನಮ್ಮ ಒಂದೊಂದು ಸಭೆಯಲ್ಲಿಯೂ ಏಳುವಂತೆ ಮಹಾ ಬೋಧಕನಾದ ಕರ್ತನು ಕೃಪೆಮಾಡಲಿ. ಆಮೆನ್.